ವೇಗದ ಜೊತೆ ಸದ್ದಿನ ಲೆಕ್ಕವೂ ಸಿಗಲಿ

ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ ಮಾತು ಬಂದಾಗಲೆಲ್ಲ ಎರಡು ಅಂಕಿಗಳು ಕೇಳಿಬರುತ್ತವೆ: 508 ಕಿಲೋಮೀಟರ್ ದಾರಿ, ಗಂಟೆಗೆ 320 ಕಿಲೋಮೀಟರ್ ವೇಗ. ಒಳಗೆ ಕೂತವರ ಕಿವಿಗೆ ಎಷ್ಟು ಡೆಸಿಬೆಲ್ ಸದ್ದು ಬೀಳುತ್ತದೆ ಎಂಬ ಮೂರನೆಯ ಅಂಕಿಯ ಬಗ್ಗೆ ಚರ್ಚೆಯೇ ಇಲ್ಲ. ಇರಬೇಕು.

ವೇಗ ಇಮ್ಮಡಿಯಾದರೆ ಹಳಿಯ ಮೇಲೆ ಗಾಲಿ ಉರುಳುವ ಸದ್ದು ಸುಮಾರು 9 ಡೆಸಿಬೆಲ್ ಏರುತ್ತದೆ. ಗಾಳಿಯನ್ನು ಸೀಳುವ ಸದ್ದು ಸುಮಾರು 18 ಡೆಸಿಬೆಲ್. 10 ಡೆಸಿಬೆಲ್ ಏರಿದರೇ ಕಿವಿಗೆ ಸದ್ದು ಎರಡು ಪಟ್ಟಾದಂತೆ ಕೇಳುತ್ತದೆ. 160ರ ವೇಗಕ್ಕೆ ಸಾಕಾಗುವ ಉಪಾಯ 320ಕ್ಕೆ ಸಾಲದು.

ಸದ್ದು ಒಳಬರಲು ಎರಡು ದಾರಿ. ಕಿಟಕಿ, ಬಾಗಿಲು, ಬೋಗಿಗಳ ನಡುವಿನ ಸಂದುಗಳಿಂದ ನುಗ್ಗುವುದು ಒಂದು. ಗಾಲಿಗಳ ಚೌಕಟ್ಟಿನಿಂದ ನಡುಕವಾಗಿ ನೆಲಕ್ಕೆ ಹತ್ತುವುದು ಇನ್ನೊಂದು. ಎರಡು ಪದರದ ಗಾಜು, ಬಿಗಿಯಾದ ರಬ್ಬರ್ ಪಟ್ಟಿ, ರಬ್ಬರ್ ಆಸರೆಯ ಮೇಲೆ ಕೂರಿಸಿದ ನೆಲ ಇವಕ್ಕೆ ಮದ್ದು. ತೊಡಕು ಇರುವುದು ತೂಕದಲ್ಲಿ. ಸದ್ದು ತಡೆಯಲು ಭಾರದ ಗೋಡೆ ಬೇಕು, ವೇಗಕ್ಕೆ ಹಗುರವಾದ ಅಲ್ಯೂಮಿನಿಯಂ ಮೈ ಬೇಕು. ಜಲ್ಲಿ ಹಾಸು ಸ್ವಲ್ಪ ಸದ್ದನ್ನು ಹೀರಿಕೊಳ್ಳುತ್ತದೆ. ಬುಲೆಟ್ ಮಾರ್ಗದ ಕಾಂಕ್ರೀಟ್ ಹಾಸು ಅದನ್ನು ಹಿಂದಕ್ಕೆ ಎಸೆಯುತ್ತದೆ. ಬಾಂದ್ರಾ–ಕುರ್ಲಾದಿಂದ ಶಿಲ್‌ಫಾಟಾವರೆಗಿನ 21 ಕಿಲೋಮೀಟರ್ ಸುರಂಗದಲ್ಲಿ ಆ ಸದ್ದು ಚದುರಿಹೋಗಲು ಬಯಲೂ ಇಲ್ಲ.

ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲದ ದೇಶದಲ್ಲಿ ಇದೊಂದು ಶೋಕಿಯಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸದ್ದು ಬರೀ ಸುಖದ ವಿಷಯವಲ್ಲ, ಅದು ಜ್ವರದ ಹಾಗೆ, ಒಳಗಿನ ರೋಗದ ಸುಳಿವು. ಬ್ರೇಕ್ ಹಾಕಿದಾಗ ಗಾಲಿ ಜಾರಿ ಒಂದು ಕಡೆ ಚಪ್ಪಟೆಯಾದರೆ ಪ್ರತಿ ಸುತ್ತಿಗೂ ಹಳಿಗೆ ಏಟು. ಹಳಿಯ ಮೇಲೆ ಅಲೆ ಎದ್ದರೆ ಒಂದೇ ಸಮನೆ ಮೊರೆತ. ಎರಡೂ ಬೇರಿಂಗ್ ಮತ್ತು ಹಳಿಯ ಆಯಸ್ಸನ್ನು ತಿನ್ನುತ್ತವೆ. ಗಾಲಿಯನ್ನು ಲೇತ್‌ನಲ್ಲಿ ಮತ್ತೆ ದುಂಡಗೆ ಮಾಡುವುದು, ಹಳಿಯನ್ನು ಉಜ್ಜಿ ನುಣುಪು ಮಾಡುವುದು ಶೋಕಿಯಲ್ಲ, ನಿರ್ವಹಣೆ. ವಂದೇ ಭಾರತ್ ಓಡುವ ಹಳಿಯ ಮೇಲೆಯೇ ಪ್ಯಾಸೆಂಜರ್ ರೈಲೂ ಓಡುತ್ತದೆ. ಹಳಿ ನುಣುಪಾದರೆ ಲಾಭ ಇಬ್ಬರಿಗೂ.

ಗಂಟೆಗೆ 280 ಕಿಲೋಮೀಟರ್ ವೇಗಕ್ಕೆ ವಿನ್ಯಾಸಗೊಳ್ಳುವ ರೈಲುಗಳ ಗುತ್ತಿಗೆ 2024ರಲ್ಲಿ ಬೆಂಗಳೂರಿನ ಬಿಇಎಂಎಲ್‌ಗೆ ಸಿಕ್ಕಿತು. ಹೊಸ ಗಾಲಿ, ಹೊಸ ಹಳಿ ಇರುವ ಉದ್ಘಾಟನೆಯ ದಿನ ಯಾವ ರೈಲಾದರೂ ಮೆತ್ತಗೆ ಓಡೀತು. ಐದನೆಯ ವರ್ಷದಲ್ಲಿ ಅದೇ ಸೀಟಿನಲ್ಲಿ, ಅದೇ ವೇಗದಲ್ಲಿ ಅಳೆದ ಡೆಸಿಬೆಲ್ ಎಷ್ಟು ಎಂಬುದೇ ನಿಜವಾದ ಪರೀಕ್ಷೆ. ಆ ಅಂಕಿ ಪ್ರತಿ ವರ್ಷ ಟಿಕೆಟ್ ಕೊಂಡವರ ಕಣ್ಣಿಗೆ ಬೀಳುವಂತಾಗಬೇಕು.