ಡಮಾಮಿ ಬಾರಿಸುವವರಿಗೆ ಒಂದು ಕುರ್ಚಿ

ಅಮೆರಿಕದ ಬಿಇಟಿ ಎಂಬ ದೂರದರ್ಶನ ವಾಹಿನಿಯು ಕರಿಯ ಜನಾಂಗದ ಗಾಯಕರನ್ನೂ ನಟರನ್ನೂ ಕ್ರೀಡಾಪಟುಗಳನ್ನೂ ಗೌರವಿಸಲು 2001ರಿಂದ ಪ್ರತಿವರ್ಷ ಪ್ರಶಸ್ತಿ ಸಮಾರಂಭವೊಂದನ್ನು ನಡೆಸುತ್ತಾ ಬಂದಿದೆ. ಅದರ ತುಣುಕುಗಳು ಇಂದು ನಮ್ಮ ಪಟ್ಟಣಗಳ ಯುವಕರ ಮೊಬೈಲಿಗೂ ತಲುಪುತ್ತಿವೆ. ಆ ವೇದಿಕೆಯ ಉಡುಗೆ-ತೊಡುಗೆಯನ್ನು, ಅಲ್ಲಿನ ಕೆಲವು ಹಾಡುಗಳ ಭಾಷೆಯನ್ನು ನಮ್ಮ ಮನೆಗಳ ಹಿರಿಯರು ಒಪ್ಪಲಾರರು, ನಾವೂ ಒಪ್ಪುವುದಿಲ್ಲ. ಆದರೆ ಅಂತಹದೊಂದು ಸಮಾರಂಭ ಏಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಅಷ್ಟಕ್ಕೇ ತಳ್ಳಿಹಾಕುವಂತಿಲ್ಲ.

ಅಮೆರಿಕ ಜಗತ್ತಿಗೆ ಮಾರಿದ ಸಂಗೀತದಲ್ಲಿ ಬಹುಪಾಲಿನ ಬೇರು ಇರುವುದು ಗುಲಾಮರ ಸಂತತಿಯಲ್ಲಿ. ಆದರೂ 1981ರಲ್ಲಿ ಆರಂಭವಾದ ಎಂಟಿವಿ ತನ್ನ ಮೊದಲ ವರ್ಷಗಳಲ್ಲಿ ಕರಿಯ ಗಾಯಕರನ್ನು ತೋರಿಸಿದ್ದು ತೀರಾ ವಿರಳ. 1989ರಲ್ಲಿ ಗ್ರ್ಯಾಮಿ ಪ್ರಶಸ್ತಿಯವರು ರ‍್ಯಾಪ್‌ಗೆ ಮೊದಲ ಬಾರಿ ಒಂದು ವಿಭಾಗವನ್ನು ತೆರೆದರು. ಅದರ ಪ್ರದಾನವನ್ನು ಮಾತ್ರ ಟಿವಿಯಲ್ಲಿ ತೋರಿಸಲಿಲ್ಲ. ಪ್ರಶಸ್ತಿ ಗೆದ್ದವರೇ ಆ ಸಮಾರಂಭವನ್ನು ಬಹಿಷ್ಕರಿಸಿದರು. ಪರರ ಅಂಗಳದಲ್ಲಿ ಕುರ್ಚಿ ಸಿಗದವರು ತಮ್ಮದೇ ಅಂಗಳ ಕಟ್ಟಿಕೊಂಡರು. ಬಿಇಟಿ ವಾಹಿನಿಯನ್ನು 1980ರಲ್ಲಿ ಸ್ಥಾಪಿಸಿದ ರಾಬರ್ಟ್ ಜಾನ್ಸನ್ ಕರಿಯ ಉದ್ಯಮಿಯೇ. ಪ್ರಶಸ್ತಿಯ ಮೊದಲ ಸಮಾರಂಭ ನಡೆಯುವ ಹೊತ್ತಿಗೆ ಅದು ವಯಾಕಾಂ ಎಂಬ ಬೃಹತ್ ಕಂಪೆನಿಯ ಪಾಲಾಗಿತ್ತೆಂಬುದು ಬೇರೆ ಮಾತು. ಗೌರವವೂ ಸರಕಾಗಲು ಬಹಳ ಕಾಲ ಬೇಕಾಗುವುದಿಲ್ಲ.

ಇದು ದೂರದ ದೇಶದ ಸುದ್ದಿಯೆಂದು ಪುಟ ಮಗುಚುವವರಿಗೆ ನಾವು ಅಂಕೋಲೆಯ ಮಂಜಗುಣಿಯನ್ನು ತೋರಿಸಬಯಸುತ್ತೇವೆ. ಅಲ್ಲಿ ಕಡಲು ಸೇರುವ ಗಂಗಾವಳಿಯು ಘಟ್ಟದ ಮೇಲೆ ಬೇಡ್ತಿಯೆಂಬ ಹೆಸರಿನಲ್ಲಿ ಯಲ್ಲಾಪುರದ ಕಾಡುಗಳನ್ನು ಹಾದು ಬರುತ್ತದೆ. ಆ ಕಾಡುಗಳ ಅಂಚಿನಲ್ಲಿ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಒಳಊರುಗಳಲ್ಲಿ ಸಿದ್ದಿಗಳು ವಾಸಿಸುತ್ತಾರೆ. ಅವರ ಪೂರ್ವಜರು ಪೂರ್ವ ಆಫ್ರಿಕಾದಿಂದ ಅರಬ್ ವರ್ತಕರ ಮತ್ತು ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಬಂದವರು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಈ ಕಾಡನ್ನು ಹೊಕ್ಕವರು. ಆ ವರ್ತಕರಲ್ಲಿ ಮುಸ್ಲಿಮರಿದ್ದರೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಅಹ್ಮದ್‌ನಗರವನ್ನು ಆಳಿದ ಮಲಿಕ್ ಅಂಬರ್, ಬಿಜಾಪುರದ ಮುಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನ್ ಇವರಿಬ್ಬರೂ ಆಫ್ರಿಕಾ ಮೂಲದವರೇ. ಭಾಷಣಗಳಲ್ಲಿ ಈ ಹೆಸರುಗಳನ್ನು ನಾವು ಧಾರಾಳವಾಗಿ ಬಳಸುತ್ತೇವೆ.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಹಳಿಯಾಳದ ಕಡೆ ಮುಸ್ಲಿಮರು ಗಣನೀಯವಾಗಿದ್ದಾರೆ. ಧರ್ಮ ಮೂರಾದರೂ ಡಮಾಮಿ ಒಂದೇ. ಮರದ ಕಾಂಡವನ್ನು ಟೊಳ್ಳು ಮಾಡಿ, ಎರಡೂ ಬದಿಗೆ ಚರ್ಮ ಬಿಗಿದ ಆ ವಾದ್ಯದ ಸುತ್ತ ಹೆಂಗಸರು ಗಂಡಸರು ಕೂಡಿ ಹಾಡುತ್ತಾರೆ. ಇಂದು ಅದರ ಸದ್ದು ಕೇಳದವರು ಕಡಿಮೆ. ಉತ್ಸವಗಳ ಮೆರವಣಿಗೆಗೆ ಸಿದ್ದಿಗಳ ತಂಡ ಬೇಕು. 2021ರಲ್ಲಿ ತೆರೆಕಂಡ ‘ಸಲಗ’ ಚಿತ್ರದ ಹಾಡೊಂದರಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿಯವರ ದನಿ ರಾಜ್ಯದ ಉದ್ದಗಲಕ್ಕೂ ಮೊಳಗಿತು. ಆದರೆ ಮೆರವಣಿಗೆ ಸಭಾಮಂಟಪವನ್ನು ತಲುಪಿದೊಡನೆ ವಾದ್ಯದವರು ಹೊರಗುಳಿಯುತ್ತಾರೆ, ಗಣ್ಯರು ಒಳಹೋಗುತ್ತಾರೆ. ಕ್ರೀಡೆಯಲ್ಲೂ ಇದೇ ಆಯಿತು. 1980ರ ದಶಕದ ಕೊನೆಗೆ ಸರಕಾರವು ಸಿದ್ದಿ ಮಕ್ಕಳ ಮೈಕಟ್ಟನ್ನು ಕಂಡು ತರಬೇತಿಗೆ ಕರೆದೊಯ್ದಿತು, ಪದಕಗಳೂ ಬಂದವು; ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು, ಮಕ್ಕಳು ಮರಳಿ ಕಾಡಿನ ಊರು ಸೇರಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದೇ 2003ರಲ್ಲಿ.

ಹಾಗಿದ್ದೂ 2023 ಒಂದು ಅಪೂರ್ವ ವರ್ಷವಾಗಿತ್ತು. ಗುಜರಾತಿನ ಜಂಬೂರಿನ ಹೀರಾಬಾಯಿ ಇಬ್ರಾಹೀಂ ಲೋಬಿಯವರು ಸಮಾಜಸೇವೆಗಾಗಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿ ಭವನದಲ್ಲಿ ಅವರು ಪ್ರಶಸ್ತಿಗೆ ನಡೆದುಹೋಗುತ್ತಾ ಮುಂದಿನ ಸಾಲಿನಲ್ಲಿದ್ದ ಪ್ರಧಾನಿಯ ಎದುರು ನಿಂತು, ಅಳುಕಿಲ್ಲದೆ ಮಾತನಾಡಿದ ದೃಶ್ಯವನ್ನು ದೇಶವೇ ಟಿವಿಯಲ್ಲಿ ನೋಡಿತು. ಅದೇ ವರ್ಷ ಜಾನಪದ ಕ್ಷೇತ್ರದ ರಾಜ್ಯೋತ್ಸವ ಪ್ರಶಸ್ತಿಯು ನಮ್ಮದೇ ಉತ್ತರ ಕನ್ನಡದ ಹುಸೇನಾಬಿ ಬುಡೆನ್‌ಸಾಬ್ ಸಿದ್ದಿಯವರಿಗೆ ಸಂದಿತು. ಇಬ್ಬರೂ ಸಿದ್ದಿಗಳು, ಇಬ್ಬರೂ ಮುಸ್ಲಿಮ್ ಮಹಿಳೆಯರು. ನಮ್ಮ ಜಿಲ್ಲೆಯ ಎಷ್ಟು ಜಮಾಅತ್‌ಗಳು ಹುಸೇನಾಬಿಯವರ ಮನೆಗೆ ಹೋಗಿ ಒಂದು ಮಾತು ಆಡಿ ಬಂದವು? ದುಬೈಯಿಂದ ರಜೆಗೆ ಬಂದ ದಾನಿಗೆ ಶಾಲು ಹೊದಿಸಲು ನಮಗೆ ಒಂದು ವಾರ ಸಾಕಾಗುತ್ತದೆ.

ಮಕ್ಕಾ ವಿಜಯದ ದಿನ ಪ್ರವಾದಿ(ಸ) ಅಝಾನ್ ಕೊಡಲು ಕಅಬಾದ ಮೇಲೆ ಹತ್ತಿಸಿದ್ದು ಕುರೈಶರ ಯಾವ ಮುಖಂಡನನ್ನೂ ಅಲ್ಲ, ಅಬಿಸೀನಿಯಾ ಮೂಲದ ಮಾಜಿ ಗುಲಾಮ ಬಿಲಾಲ್(ರ)ರನ್ನು. ಕೆಳಗೆ ನಿಂತು ಗೊಣಗಿದವರೂ ಇದ್ದರೆಂದು ಚರಿತ್ರೆ ಹೇಳುತ್ತದೆ. ನಾವು ಮಕ್ಕಳಿಗೆ ಬಿಲಾಲ್ ಎಂದು ಹೆಸರಿಡುತ್ತೇವೆ. ಹಬ್ಶಿ ಎಂಬ ಪದವನ್ನು ಬೈಗುಳದಂತೆಯೂ ಬಳಸುತ್ತೇವೆ. ಸಂಬಂಧ ಕುದುರಿಸುವಾಗ ಹುಡುಗಿಯ ಮೈಬಣ್ಣವನ್ನು ಎಷ್ಟು ಸಲ ಕೇಳುತ್ತೇವೆಂಬುದು ನಮ್ಮ ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಹಳಿಯಾಳದ ಸಿದ್ದಿ ಯುವಕನೊಬ್ಬ ದೀನದಾರನೂ ದುಡಿಮೆಗಾರನೂ ಆಗಿ ನಮ್ಮ ಬಾಗಿಲಿಗೆ ಸಂಬಂಧ ಕೇಳಿ ಬಂದರೆ ನಾವು ಕೊಡುವ ಉತ್ತರವೇನು?

ವಾದ್ಯಗಳ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಆದ್ದರಿಂದ ಡಮಾಮಿಯವರನ್ನು ವೇದಿಕೆಗೆ ಕರೆಯುವುದು ಹೇಗೆ ಎಂದು ಕೆಲವರು ಕೇಳಬಹುದು. ಮದುವೆ ಮನೆಗೆ ಬ್ಯಾಂಡು ಗೊತ್ತುಪಡಿಸುವಾಗ ಇಲ್ಲದ ಈ ಎಚ್ಚರ ಇಲ್ಲಿ ಮಾತ್ರ ಏಕೆ ಎಂಬುದು ನಮಗೆ ಅರ್ಥವಾಗುತ್ತಿಲ್ಲ. ಇರಲಿ, ವಾದ್ಯ ಬೇಡವೆಂದರೆ ಬೇಡ. ರಬೀವುಲ್ ಅವ್ವಲ್‌ನಲ್ಲಿ ಸೀರತ್ ಸಭೆ ನಡೆಸುವ ಸಂಘಟನೆಗಳು ಆಮಂತ್ರಣ ಪತ್ರಿಕೆಯನ್ನು ಅಚ್ಚಿಗೆ ಕಳುಹಿಸುವ ಮುನ್ನ ಒಮ್ಮೆ ಹಳಿಯಾಳದ ಸಿದ್ದಿ ಊರುಗಳಿಗೆ ಹೋಗಿ ಬರಲಿ. ಕಿರಾಅತ್ ಓದಲು ಒಬ್ಬ ಬಾಲಕನನ್ನು, ಅಧ್ಯಕ್ಷತೆಗೆ ಒಬ್ಬ ಹಿರಿಯರನ್ನು ಅಲ್ಲಿಂದ ಕರೆತರಲಿ. ಬಸ್ಸಿನ ಖರ್ಚು ಸಂಘಟಕರದ್ದೇ ಆಗಿರಲಿ. ಆ ಕಾಡಿನ ಊರುಗಳಿಂದ ಪಟ್ಟಣಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ತಪ್ಪಿದಂತೆ.