ಹಾಲ್‌ನಲ್ಲಿ ಅಗ್ಗಿಷ್ಟಿಕೆ: ಬೆಂಕಿ ಬೇಡ, ಬೆಳಕು ಸಾಕು

ಇತ್ತೀಚೆಗೆ ಇಂಟೀರಿಯರ್‌ನವರು ತೋರಿಸೋ ತ್ರೀಡಿ ಚಿತ್ರಗಳಲ್ಲಿ ಟೀವಿ ಕೆಳಗೊಂದು ಉರಿಯುವ ಅಗ್ಗಿಷ್ಟಿಕೆ ಇದ್ದೇ ಇರುತ್ತೆ. ನೋಡೋಕೆ ಚೆಂದ. ಆದರೆ ಬೆಂಗಳೂರಿನ ಚಳಿ ಎಷ್ಟು ಹೇಳಿ? ಡಿಸೆಂಬರ್, ಜನವರಿ ರಾತ್ರಿಗಳಲ್ಲೂ ಸಾಮಾನ್ಯವಾಗಿ 15-16 ಡಿಗ್ರಿ. ಒಂದು ಶಾಲು ಹೊದ್ದರೆ ಮುಗೀತು. ಕಂಟೋನ್ಮೆಂಟಿನ ಹಳೇ ಬಂಗಲೆಗಳಲ್ಲಿ, ಕೊಡಗಿನ ಎಸ್ಟೇಟ್ ಮನೆಗಳಲ್ಲಿ ಚಿಮಣಿ ಸಮೇತ ನಿಜವಾದ ಅಗ್ಗಿಷ್ಟಿಕೆಗಳಿವೆ. ಏಳನೇ ಮಹಡಿಯ ಫ್ಲ್ಯಾಟ್‌ಗೆ ಚಿಮಣಿ ಎಲ್ಲಿಂದ ತರೋದು? ಅಂದರೆ ನಾವು ಕೊಳ್ಳೋದು ಶಾಖವನ್ನಲ್ಲ, ನೋಟವನ್ನು. ಇಷ್ಟು ಒಪ್ಪಿಕೊಂಡರೆ ಮುಂದಿನ ಆಯ್ಕೆ ಸುಲಭ.

ಫ್ಲ್ಯಾಟ್‌ಗೆ ಅಂತ ಕೇಳಿದರೆ ಮುಖ್ಯವಾಗಿ ಎರಡು ಬಗೆ ತೋರಿಸುತ್ತಾರೆ. ಒಂದು ಬಯೋ ಎಥನಾಲ್‌ನದು, ಇನ್ನೊಂದು ಎಲೆಕ್ಟ್ರಿಕ್.

ಎಥನಾಲ್‌ನದ್ದು ನಿಜವಾದ ಜ್ವಾಲೆ. ಹೊಗೆ ಕಾಣೋದಿಲ್ಲ, ಚಿಮಣಿ ಬೇಡ ಅಂತ ಮಾರುತ್ತಾರೆ. ಆದರೆ ಅದು ಉರಿಯೋದು ಕೋಣೆಯ ಆಮ್ಲಜನಕದಿಂದಲೇ, ಬಿಡೋ ಇಂಗಾಲದ ಡೈಆಕ್ಸೈಡ್ ಕೂಡ ಕೋಣೆಗೇ. ಹಾಗಾಗಿ ಕಿಟಕಿ ತೆರೆದಿರಬೇಕು. ಇನ್ನೂ ದೊಡ್ಡ ಅಪಾಯ ಇಂಧನ ತುಂಬುವಾಗ. ಎಥನಾಲ್ ಜ್ವಾಲೆ ಹಗಲು ಬೆಳಕಲ್ಲಿ ಕಣ್ಣಿಗೆ ಬೀಳೋದೇ ಕಷ್ಟ. ಆರಿದೆ ಅಂದುಕೊಂಡು ಬಿಸಿ ಬರ್ನರ್‌ಗೆ ಸುರಿದರೆ ಆವಿ ಭಗ್ಗನೆ ಹೊತ್ತಿಕೊಳ್ಳುತ್ತೆ, ಕೈಯಲ್ಲಿರೋ ಕ್ಯಾನಿಗೂ ಹಬ್ಬಬಹುದು. ನಮ್ಮನೆಯವರಿಗೆ ನಿಜವಾದ ಬೆಂಕಿಯೇ ಇಷ್ಟವಿತ್ತು. ಆದರೆ ಮನೇಲಿ ಮೂರು ವರ್ಷದ ಮಗಳು, ದಮ್ಮಿನ ತೊಂದರೆ ಇರೋ ಅತ್ತೆ. ಚರ್ಚೆ ಅಲ್ಲಿಗೇ ಮುಗೀತು.

ಎಲೆಕ್ಟ್ರಿಕ್‌ನಲ್ಲಿ ಬೆಂಕಿ ಅನ್ನೋದು ಎಲ್‌ಇಡಿ ಬೆಳಕಿನ ಆಟ. ಅದಕ್ಕೆ ಕರೆಂಟು ತೀರಾ ಕಡಿಮೆ. ಕರೆಂಟು ನುಂಗೋದು ಒಳಗಿನ ಹೀಟರ್. ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಹೀಟರ್ ಆಫ್ ಮಾಡಿ ಬರೀ ಜ್ವಾಲೆ ಉರಿಸಬಹುದಾ? ನಮ್ಮ ಊರಲ್ಲಿ ವರ್ಷದ ಬಹುಪಾಲು ಬೇಕಾಗೋದು ಅಷ್ಟೇ.

ಈಗ ಸ್ವಲ್ಪ ಲೆಕ್ಕ. 2000 ವ್ಯಾಟ್ ಹೀಟರ್ ಒಂದು ಗಂಟೆ ಉರಿದರೆ 2 ಯೂನಿಟ್. 230 ವೋಲ್ಟ್‌ನಲ್ಲಿ ಅದು ಎಳೆಯೋದು ಸುಮಾರು 8.7 ಆಂಪಿಯರ್. ಟೀವಿ ಹಿಂದೆ ಸಾಮಾನ್ಯವಾಗಿ ಇರೋದು 6 ಆಂಪಿಯರ್ ಸಾಕೆಟ್. "ಎಲ್ಲಿಗಾದ್ರೂ ಸಿಕ್ಕಿಸಿ ಮೇಡಂ, ಏನೂ ಆಗಲ್ಲ" ಅಂತ ಅಂಗಡಿಯವರು ಹೇಳಿದರೂ ಕೇಳಬೇಡಿ. ಗೀಜರ್‌ಗೆ ಮಾಡಿಸಿದ ಹಾಗೆ 16 ಆಂಪಿಯರ್ ಪಾಯಿಂಟ್, ಅದಕ್ಕೇ ಪ್ರತ್ಯೇಕ ವೈರು, ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಖಂಡಿತ ಬೇಡ.

ಇನ್ನು ಗೋಡೆ. ಈಚಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳನ್ನು ಮೈವಾನ್ ವಿಧಾನದಲ್ಲಿ ಕಟ್ಟಿರುತ್ತಾರೆ. ಅಲ್ಲಿ ಇಟ್ಟಿಗೆ ಇಲ್ಲ, ಇಡೀ ಗೋಡೆ ಕಾಂಕ್ರೀಟು. ಕಟ್ಟಡದ ಭಾರ ಹೊತ್ತಿರೋದೂ ಅದೇ, ಕೊರೆಯೋ ಹಾಗಿಲ್ಲ. ಗೋಡೆಯ ಮುಂದೆ ಏಳೆಂಟು ಇಂಚು ಆಳದ ಚೌಕಟ್ಟು ಕಟ್ಟಿ ಅದರೊಳಗೆ ಕೂರಿಸಬೇಕು. ಚೌಕಟ್ಟಿಗೆ ಪ್ಲೈವುಡ್ಡಿಗಿಂತ ಲೋಹದ ಫ್ರೇಮ್, ಸಿಮೆಂಟ್ ಬೋರ್ಡ್ ವಾಸಿ. ಮಷಿನ್ ಕೈಗೆ ಬಂದು, ಅಳತೆ ತೆಗೆದು, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಜಾಗ ಸುತ್ತಲೂ ಬಿಟ್ಟ ಮೇಲೇ ಕಾರ್ಪೆಂಟರ್ ಕೆಲಸ ಶುರುವಾಗಲಿ. ಬಿಸಿ ಗಾಳಿ ಎಲ್ಲಿಂದ ಬರುತ್ತೆ ನೋಡಿಕೊಳ್ಳಿ. ಮುಂದಿನಿಂದ ಬಂದರೆ ಒಳ್ಳೇದು, ಮೇಲಿಂದ ಬಂದರೆ ಟೀವಿಗೆ ಪೆಟ್ಟು. ಸಾಕೆಟ್ ಪಕ್ಕದಲ್ಲಿರಲಿ, ರಿಪೇರಿಗೆ ಕೈ ಹೋಗುವಂತಿರಲಿ. ಪರದೆ, ಸೋಫಾ ದೂರ ಇರಲಿ.

ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆ ಮುಂದೆ ಕೂತು ಬೆಳೆದವರು. ಹೊಸ ಅಗ್ಗಿಷ್ಟಿಕೆ ಹಚ್ಚಿದ ದಿನ ಕೈ ಒಡ್ಡಿ ನೋಡಿ, "ಇದ್ರಲ್ಲಿ ಹಲಸಿನ ಬೀಜ ಸುಡಕ್ಕೆ ಬರ್ತದೇನೇ?" ಅಂದರು. ಬರಲ್ಲ ಅತ್ತೆ. ಆದರೂ ಸಂಜೆ ಏಳರ ಮೇಲೆ ಟೀವಿ ಆರಿಸಿ, ಬರೀ ಆ ಜ್ವಾಲೆ ಹಚ್ಚಿದರೆ ಅವರು ಮೊಮ್ಮಗಳನ್ನ ಪಕ್ಕಕ್ಕೆ ಕೂರಿಸಿಕೊಂಡು ಕತೆ ಶುರು ಮಾಡುತ್ತಾರೆ. ಅವಳು ಓಡಿಹೋಗಿ ಗಾಜಿನ ಮೇಲೆ ಅಂಗೈ ಇಟ್ಟರೂ ನಾನು ಅಡುಗೆಮನೆಯಿಂದ ಕಿರುಚಬೇಕಾಗಿಲ್ಲ. ಇಷ್ಟೆಲ್ಲ ಲೆಕ್ಕ ಹಾಕಿದ್ದು ಅದಕ್ಕೇ.