ಅತ್ಯಾ, ಕೊಡ ನೀವ ಎತ್ರಿ

ಹೋದ ವರ್ಷ ಶ್ರಾವಣದಾಗ ಒಂದಿನ ನಮ್ಮ ಅತ್ತಿಯವರು ದೇವರ ಮನ್ಯಾಗ ನೆಲದ ಮ್ಯಾಲೆ ಕೂತು ಹೂಬತ್ತಿ ಮಾಡ್ಲಿಕತ್ತಿದ್ರು. ನಾ ಅಡಗಿ ಮನ್ಯಾಗ ಒಗ್ಗರಣಿ ಹಾಕ್ಲಿಕತ್ತಿದ್ದೆ. "ಏ, ಒಂಚೂರ ಇಲ್ಲೆ ಬಾ" ಅಂತ ಸಣ್ಣ ದನಿಲೆ ಕರದ್ರು. ಹೋಗಿ ನೋಡಿದ್ರ ಅವರಿಗೆ ಏಳಲಿಕ್ಕೆ ಬರವಲ್ತು. ಬಿದ್ದಿರಲಿಲ್ಲ, ನೋವೂ ಇರಲಿಲ್ಲ. ತೊಡಿಯೊಳಗ ಶಕ್ತಿನ ಇರಲಿಲ್ಲ. ಎಷ್ಟೊತ್ತಿನಿಂದ ಹಂಗ ಕೂತಿದ್ರೋ ಏನೋ, ಕರೀಲಿಕ್ಕೆ ಸಂಕೋಚ. ವಯಸ್ಸು 71.

ಆವತ್ತ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಯಾಕಂದ್ರ ಆರು ವರ್ಷದಿಂದ "ಅತ್ಯಾ, ಕೊಡ ಇಡ್ರಿ, ನಾ ಎತ್ತತೀನಿ", "ಅತ್ಯಾ, ಹಾಸಿಗಿ ನಾ ಸುತ್ತತೀನಿ" ಅಂತ ಅವರ ಕೈಯಿಂದ ಒಂದೊಂದ ಕೆಲಸ ಕಸಗೊಂಡಾಕಿ ನಾನ. ಪ್ರೀತಿಯಿಂದನ ಮಾಡಿದ್ದು ಖರೆ. "ಸೊಸಿ ಎಷ್ಟ ಛಲೋ ನೋಡ್ಕೋತಾಳ" ಅನಿಸಿಕೊಳ್ಳೋ ಆಸೆನೂ ಇತ್ತು, ಸುಳ್ಳ ಯಾಕ ಹೇಳಲಿ.

ಅದಕ್ಕ ಇವತ್ತ ನೇರ ಹೇಳ್ತೀನಿ. 60 ದಾಟಿದ ಹೆಣ್ಮಕ್ಕಳು ಭಾರ ಎತ್ತಬೇಕು. ಸಂಜಿ ಮುಂದ ಗುಡಿ ತನಕ ವಾಕಿಂಗ್ ಹೋಗೋದು ಛಲೋನ, ಆದ್ರ ಅದೊಂದ ಸಾಲೂದಿಲ್ಲ.

30 ದಾಟಿದ ಮ್ಯಾಲೆ ಹತ್ತು ವರ್ಷಕ್ಕ ಸುಮಾರು 3ರಿಂದ 8 ಪರ್ಸೆಂಟ್ ಸ್ನಾಯು ಕರಗತದ, 60ರ ನಂತರ ಇನ್ನೂ ಲಗೂ. ಮುಟ್ಟು ನಿಂತ ಮ್ಯಾಲೆ ಈಸ್ಟ್ರೋಜನ್ ಇಳೀತದ, ಬೆಳವಣಿಗಿ ಹಾರ್ಮೋನೂ ಕಡಿಮಿ ಆಗ್ತದ. "ಹಾರ್ಮೋನ ಹೋದ ಮ್ಯಾಲೆ ವ್ಯಾಯಾಮ ಮಾಡಿ ಏನ ಉಪಯೋಗ?" ಅಂತ ನಮ್ಮ ಓಣಿ ವೈನಿಯೊಬ್ಬರು ಕೇಳಿದ್ರು. ಪ್ರಶ್ನೆ ಛಲೋ ಅದ. 1999ರಾಗ ಕ್ರೇಮರ್ ಅನ್ನೋ ಅಮೆರಿಕಾದ ವಿಜ್ಞಾನಿ ಮತ್ತ ಅವರ ಸಂಗಡಿಗರು 30ರ ಆಸುಪಾಸಿನ ಗಂಡಸರಿಗೆ, 62ರ ಆಸುಪಾಸಿನ ಗಂಡಸರಿಗೆ ಹತ್ತು ವಾರ ಭಾರ ಎತ್ತಿಸಿ ನೋಡಿದ್ರು. ವಯಸ್ಸಾದವರ ಹಾರ್ಮೋನು ಹುಡುಗರಷ್ಟು ಏರಲಿಲ್ಲ. ಆದ್ರೂ ಸುಮ್ಮನ ಕೂತಾಗಿನ ಕಾರ್ಟಿಸಾಲ್, ಅಂದ್ರ ಒತ್ತಡದ ಹಾರ್ಮೋನು, ಇಳೀತು. ವ್ಯಾಯಾಮದ ಹೊತ್ತಿನ ಟೆಸ್ಟೋಸ್ಟಿರಾನ್ ಮೊದಲಿನಕಿಂತ ಏರಿತು. ಇದು ಗಂಡಸರ ಲೆಕ್ಕ. ನಮ್ಮ ಮೈಯಾಗ ಆ ಹಾರ್ಮೋನು ಮೊದಲ ಭಾಳ ಕಡಿಮಿ, ಹಂಗಾಗಿ "ಮೀಸಿ ಬರ್ತಾವ" ಅಂತ ಯಾರೂ ಅಂಜಬ್ಯಾಡ್ರಿ.

ಹಾರ್ಮೋನು ಏರಲಿಲ್ಲಂದ್ರೂ ಶಕ್ತಿ ಬರ್ತದ. 1990ರಾಗ ಬಾಸ್ಟನ್ ಊರಿನ ಒಂದು ವೃದ್ಧಾಶ್ರಮದಾಗ ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿಲೆ ಭಾರ ಎತ್ತಿಸಿದ್ರು. ಪೂರ್ತಿ ಮಾಡಿದ ಒಂಬತ್ತು ಮಂದಿಯ ಕಾಲಿನ ಶಕ್ತಿ ಸರಾಸರಿ 174 ಪರ್ಸೆಂಟ್ ಹೆಚ್ಚಾತು. ಹಂಗಿದ್ದಾಗ 71 ಏನ ಮಹಾ? "ಯೌವನದ ಹಾರ್ಮೋನು" ಅಂತ ಪುಡಿ ಮಾರವರ ಮಾತಿಗೆ ರೊಕ್ಕ ಸುರೀಬ್ಯಾಡ್ರಿ.

ನಮ್ಮ ಮನಿಮನ್ಯಾಗ ಕಾಡೋ ಹಾರ್ಮೋನು ಬ್ಯಾರೆನ ಅದ. ಅದು ಇನ್ಸುಲಿನ್. ಉಂಡ ಮ್ಯಾಲೆ ರಕ್ತಕ್ಕ ಬರೋ ಸಕ್ಕರಿ ಹೆಚ್ಚಿನ ಪಾಲು ಸ್ನಾಯುವಿನೊಳಗ ಹೋಗಬೇಕು. ಸ್ನಾಯು ಅಂದ್ರ ಜೋಳ ತುಂಬೋ ಹಗೇವು ಇದ್ದಂಗ, ಅದರ ಬಾಯಿ ತೆಗಿಯೋದು ಇನ್ಸುಲಿನ್. ಹಗೇವು ಸಣ್ಣದಾದ್ರ, ಬಾಯಿ ಜಂಗ ಹಿಡದ್ರ, ಸಕ್ಕರಿ ಹೊರಗ ಉಳೀತದ. ಭಾರ ಎತ್ತಿದಾಗ ಸ್ನಾಯು ಇನ್ಸುಲಿನ್‌ಗೆ ಕಾಯದ ತಾನ ಸಕ್ಕರಿ ಎಳಕೋತದ, ಆಮ್ಯಾಲೂ ಒಂದೆರಡು ದಿನ ಇನ್ಸುಲಿನ್ ಮಾತು ಛಲೋ ಕೇಳತದ. ಮುಂದ ನಿಂತತಂದ್ರ ಈ ಗುಣನೂ ಹೋಗತದ. ಅದಕ್ಕ ವಾರದಾಗ ಕಡಿಮಿ ಅಂದ್ರ ಎರಡು ದಿನ ಮಾಡ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳೇದ.

"ಮನಿಗೆಲಸ ಮಾಡೂದಿಲ್ಲೇನು ನಾವು?" ಅಂತ ಕೇಳ್ತೀರಿ, ಗೊತ್ತದ. ಮಾಡ್ತೀವಿ, ದಣೀತೀವಿ. ಆದ್ರ ಅದ ಕಸಬರಿಗಿ, ಅದ ಲಟ್ಟಣಗಿ. ಭಾರ ಸಾವಕಾಶ ಹೆಚ್ಚಾದ್ರ ಮಾತ್ರ ಸ್ನಾಯು ಬಲೀತದ. ದಣಿವು ಬ್ಯಾರೆ, ಬಲ ಬ್ಯಾರೆ.

ನಾವು ಮಾಡಿದ್ದು ಇಷ್ಟ. ಮೊದಲ ಡಾಕ್ಟರನ್ನ ಕೇಳಿದ್ವಿ. ಬಿ.ಪಿ., ಹೃದಯದ ತ್ರಾಸು ಇದ್ದವರು, ಸಕ್ಕರಿ ಗುಳಿಗಿ ಇಲ್ಲಾ ಇನ್ಸುಲಿನ್ ತಗೊಳ್ಳವರು ಕೇಳದ ಸುರು ಮಾಡಬ್ಯಾಡ್ರಿ, ಸಕ್ಕರಿ ಒಮ್ಮೆಲೆ ಇಳೀಬಹುದು. ಆಮ್ಯಾಲೆ ಗ್ವಾಡಿಗೆ ಹಚ್ಚಿದ ಖುರ್ಚಿಯಿಂದ ಎದ್ದು ಕೂಡೋದು, ಮೊದಲ ಐದು ಸಲ, ಮುಂದ ಹತ್ತು. ಕೈಯಾಗ ಅರ್ಧ ಲೀಟರ್ ನೀರಿನ ಬಾಟಲಿ, ತಿಂಗಳಾದ ಮ್ಯಾಲೆ ಒಂದು ಲೀಟರಿಂದು. ಎತ್ತುವಾಗ ಉಸಿರು ಹಿಡೀಬಾರದು. ತಾಟಿನಾಗ ಒಂದು ವಾಟಗ ಬ್ಯಾಳಿ, ಮೊಸರು ಹೆಚ್ಚಿಗಿ.

ಈ ಶ್ರಾವಣದಾಗ ಅತ್ತಿಯವರು ಒಂದು ಕೈ ಮಣಿ ಮ್ಯಾಲೆ ಊರಿ ತಾವ ಎದ್ರು. ನಾ ಓಡಿ ಹೋಗಿ ಹಿಡೀಲಿಲ್ಲ. ಹಿಡೀದಂಗ ನಿಂತಿರೋದು ನನಗ ಭಾಳ ತ್ರಾಸಾತು ನೋಡ್ರಿ. ನಿಮ್ಮ ಅವ್ವ ಈ ಸಲ ಊರಿಂದ ಬಂದಾಗ ಆಕಿ ಕೈಯಾಗಿನ ಚೀಲ ಕಸಗೋಬ್ಯಾಡ್ರಿ. ಭಾಳ ಭಾರ ಇದ್ರ ಅರ್ಧ ತಗೋರಿ, ಅರ್ಧ ಆಕಿಗೆ ಬಿಡ್ರಿ.